ಮೋಟಾರು ವಾಹನಗಳ ಚಾಲನಾ ವ್ಯವಸ್ಥೆ: ವಿಧಗಳು, ಅನುಕೂಲತೆಗಳು ಮತ್ತು ಮಿತಿಗಳು

(ಹೊಸ ಅಥವಾ ಹಳೆಯ ವಾಹನ ಖರೀದಿಸಿ ನೋಂದಣಿ ಅಥವಾ ಮಾಲೀಕತ್ವ ವರ್ಗಾವಣೆಗೆ ಅರ್ಜಿ ಸಲ್ಲಿಸಲಿರುವ ನಾಗರಿಕರ ತಿಳುವಳಿಕೆಗಾಗಿ)

1. ಪೀಠಿಕೆ

ವಾಹನದ ನೋಂದಣಿಗಾಗಿ ನಮೂನೆ 20ರಲ್ಲಿ ಅರ್ಜಿ ಸಲ್ಲಿಸುವ ವೇಳೆಗೆ ವಾಹನದ ಆಯ್ಕೆ ಮುಗಿದು ಹಣ ಪಾವತಿಯೂ ಆಗಿರುತ್ತದೆ. ಬಣ್ಣ, ಆಸನಗಳ ಸಂಖ್ಯೆ, ಇಂಧನದ ವಿಧ ಮುಂತಾದವುಗಳನ್ನು ಖರೀದಿದಾರರು ಸಾಮಾನ್ಯವಾಗಿ ವಿಚಾರಿಸುತ್ತಾರೆ. ಆದರೆ ಎಂಜಿನ್ನಿನ ಶಕ್ತಿಯು ಯಾವ ಚಕ್ರಗಳಿಗೆ ಹೋಗುತ್ತದೆ ಎಂಬುದನ್ನು ವಿಚಾರಿಸುವವರು ಕಡಿಮೆ. ಮಳೆಗಾಲದಲ್ಲಿ ತೋಟದ ದಾರಿಯ ಕೆಸರಿನಲ್ಲಿ ವಾಹನ ನಿಂತಾಗ, ಅಥವಾ ಎಂದೂ ಬಳಸದ ಸೌಲಭ್ಯಕ್ಕಾಗಿ ಪ್ರತಿ ತಿಂಗಳೂ ಹೆಚ್ಚು ಇಂಧನ ವ್ಯಯವಾಗುತ್ತಿರುವುದು ಅರಿವಿಗೆ ಬಂದಾಗ ಈ ಪ್ರಶ್ನೆಯ ಮಹತ್ವ ತಿಳಿಯುತ್ತದೆ.

ಆಗ ಬದಲಾವಣೆಗೆ ಅವಕಾಶವಿರುವುದಿಲ್ಲ. ಖರೀದಿಸಿದ ವಾಹನದ ಚಾಲನಾ ವ್ಯವಸ್ಥೆಯನ್ನು ಮಾಲೀಕರು ತಮ್ಮಿಚ್ಛೆಯಂತೆ ಮಾರ್ಪಡಿಸಿಕೊಳ್ಳಲು ಕಾನೂನು ಸಮ್ಮತಿಸುವುದಿಲ್ಲ. ಆದುದರಿಂದ ಈ ವಿಷಯವನ್ನು ಖರೀದಿಗೆ ಮುನ್ನವೇ ತಿಳಿದಿರುವುದು ಸೂಕ್ತ. ಈ ಪುಟದಲ್ಲಿ ವಿವಿಧ ಚಾಲನಾ ವ್ಯವಸ್ಥೆಗಳು ಕೆಲಸ ಮಾಡುವ ಬಗೆ, ಅವುಗಳ ಅನುಕೂಲತೆ ಹಾಗೂ ಅನಾನುಕೂಲತೆಗಳು, ರಾಜ್ಯದ ವಿವಿಧ ಭಾಗಗಳ ರಸ್ತೆಗಳಿಗೆ ಅವುಗಳ ಹೊಂದಾಣಿಕೆ ಮತ್ತು ಸಂಬಂಧಿತ ಕಾನೂನಿನ ಅಂಶಗಳನ್ನು ವಿವರಿಸಲಾಗಿದೆ. ಲೇಖನದಲ್ಲಿ ಕೆಲವು ವಾಹನಗಳ ಹೆಸರುಗಳನ್ನು ಉದಾಹರಣೆಗಾಗಿ ಮಾತ್ರ ನೀಡಲಾಗಿದ್ದು, ಇದನ್ನು ಶಿಫಾರಸ್ಸು ಎಂದು ಭಾವಿಸತಕ್ಕದ್ದಲ್ಲ.

2. ಚಾಲನಾ ವ್ಯವಸ್ಥೆ ಎಂದರೇನು?

ಎಂಜಿನ್ನಿನಲ್ಲಿ ಉತ್ಪತ್ತಿಯಾದ ಶಕ್ತಿಯು ಕ್ಲಚ್ ಮತ್ತು ಗೇರ್‌ಬಾಕ್ಸ್ ಮೂಲಕ ಸಾಗಿ ಡಿಫರೆನ್ಷಿಯಲ್ ಎಂಬ ಭಾಗವನ್ನು ತಲುಪಿ, ಅಲ್ಲಿಂದ ಎಡ ಮತ್ತು ಬಲ ಚಕ್ರಗಳಿಗೆ ಹಂಚಿಕೆಯಾಗುತ್ತದೆ. ಶಕ್ತಿಯನ್ನು ಪಡೆದು ವಾಹನವನ್ನು ಚಲಿಸುವಂತೆ ಮಾಡುವ ಚಕ್ರಗಳನ್ನು ಚಾಲನಾ ಚಕ್ರಗಳೆಂದು ಕರೆಯಬಹುದು. ಉಳಿದ ಚಕ್ರಗಳು ಭಾರ ಹೊತ್ತು ಉರುಳುತ್ತವೆ ಅಷ್ಟೆ.

ಎತ್ತುಗಳು ಗಾಡಿಯನ್ನು ಮುಂದಿನಿಂದ ಎಳೆಯುತ್ತವೆ; ತರಕಾರಿ ಮಾರುವವರು ತಳ್ಳುಗಾಡಿಯನ್ನು ಹಿಂದಿನಿಂದ ತಳ್ಳುತ್ತಾರೆ. ಮುಂದಿನ ಚಕ್ರಗಳು ಚಾಲನಾ ಚಕ್ರಗಳಾಗಿರುವ ವಾಹನವು ಮೊದಲನೆಯದರಂತೆ, ಹಿಂದಿನ ಚಕ್ರಗಳು ಚಾಲನಾ ಚಕ್ರಗಳಾಗಿರುವ ವಾಹನವು ಎರಡನೆಯದರಂತೆ ಸಾಗುತ್ತದೆ. ನಾಲ್ಕೂ ಚಕ್ರಗಳಿಗೆ ಶಕ್ತಿ ದೊರೆತಾಗ ಎಳೆಯುವ ಮತ್ತು ತಳ್ಳುವ ಕೆಲಸ ಎರಡೂ ಒಟ್ಟಿಗೆ ನಡೆಯುತ್ತವೆ.

ಇಲ್ಲಿ ಎರಡು ಅಂಶಗಳನ್ನು ಗಮನಿಸಬೇಕು. ಮೊದಲನೆಯದು, ಚಕ್ರದ ಹಿಡಿತವು ಅದರ ಮೇಲೆ ಬೀಳುವ ಭಾರವನ್ನು ಹಾಗೂ ನೆಲದ ಸ್ಥಿತಿಯನ್ನು ಅವಲಂಬಿಸಿರುತ್ತದೆ. ಹೆಚ್ಚು ಭಾರವಿರುವ ಚಕ್ರಕ್ಕೆ ಹೆಚ್ಚು ಹಿಡಿತ ದೊರೆಯುತ್ತದೆ. ಎರಡನೆಯದು ಡಿಫರೆನ್ಷಿಯಲ್‌ನ ಸ್ವಭಾವ. ತಿರುವಿನಲ್ಲಿ ಹೊರಗಿನ ಚಕ್ರವು ಒಳಗಿನ ಚಕ್ರಕ್ಕಿಂತ ಹೆಚ್ಚು ದೂರ ಕ್ರಮಿಸಬೇಕಾಗುವುದರಿಂದ ಎರಡೂ ಚಕ್ರಗಳು ಬೇರೆ ಬೇರೆ ವೇಗದಲ್ಲಿ ತಿರುಗಲು ಈ ಭಾಗವು ಅವಕಾಶ ಕೊಡುತ್ತದೆ. ಆದರೆ ಒಂದು ಚಕ್ರ ಕೆಸರಿನಲ್ಲಿ ಹಿಡಿತ ಕಳೆದುಕೊಂಡರೆ ಅದೊಂದೇ ವ್ಯರ್ಥವಾಗಿ ತಿರುಗುತ್ತದೆ. ಗಟ್ಟಿ ನೆಲದ ಮೇಲಿರುವ ಇನ್ನೊಂದು ಚಕ್ರಕ್ಕೆ ಸಾಕಷ್ಟು ಬಲ ದೊರೆಯದೆ ವಾಹನ ನಿಂತಲ್ಲೇ ನಿಲ್ಲುತ್ತದೆ.

3. ಮುಂಚಕ್ರ ಚಾಲನೆ

ಮಾರಾಟಗಾರರು ಫ್ರಂಟ್ ವೀಲ್ ಡ್ರೈವ್ ಎಂದು ಹೇಳುವ ವ್ಯವಸ್ಥೆ ಇದು. 1983ರ ಡಿಸೆಂಬರ್‌ನಲ್ಲಿ ಮಾರುಕಟ್ಟೆಗೆ ಬಂದ ಮಾರುತಿ 800 ಕಾರಿನ ಮೂಲಕ ಈ ವ್ಯವಸ್ಥೆಯು ಭಾರತದ ಸಾಮಾನ್ಯ ಕುಟುಂಬಗಳಿಗೆ ಪರಿಚಯವಾಯಿತು. ಅದಕ್ಕೂ ಮುನ್ನ ರಸ್ತೆಗಳಲ್ಲಿ ಹೆಚ್ಚಾಗಿ ಕಾಣುತ್ತಿದ್ದ ಅಂಬಾಸಿಡರ್ ಮತ್ತು ಪ್ರೀಮಿಯರ್ ಪದ್ಮಿನಿ ಕಾರುಗಳು ಹಿಂಚಕ್ರ ಚಾಲನೆಯವು. ಇಂದು ಮಾರಾಟವಾಗುವ ಸಣ್ಣ ಮತ್ತು ಮಧ್ಯಮ ಗಾತ್ರದ ಕಾರುಗಳಲ್ಲಿ ಬಹುಪಾಲು ಮುಂಚಕ್ರ ಚಾಲನೆಯವಾಗಿವೆ.

ಅನುಕೂಲತೆಗಳು:
1) ಎಂಜಿನ್, ಗೇರ್‌ಬಾಕ್ಸ್ ಮತ್ತು ಡಿಫರೆನ್ಷಿಯಲ್ ಮೂರೂ ಮುಂಭಾಗದಲ್ಲಿಯೇ ಇರುವುದರಿಂದ ವಾಹನದ ತೂಕ ಹಾಗೂ ತಯಾರಿಕಾ ವೆಚ್ಚ ಕಡಿಮೆ.
2) ಹಿಂದಿನ ಚಕ್ರಗಳಿಗೆ ಶಕ್ತಿ ಸಾಗಿಸುವ ಪ್ರೊಪೆಲ್ಲರ್ ಶಾಫ್ಟ್ ಇರುವುದಿಲ್ಲ. ಆದ್ದರಿಂದ ಒಳಗೆ ನೆಲದ ನಡುವಿನ ಉಬ್ಬು ಇಲ್ಲದೆ ಅಥವಾ ಚಿಕ್ಕದಾಗಿದ್ದು, ಹಿಂದಿನ ಆಸನದಲ್ಲಿ ಮೂವರು ಕುಳಿತುಕೊಳ್ಳಲು ಅನುಕೂಲವಾಗುತ್ತದೆ.
3) ಶಕ್ತಿಯ ನಷ್ಟ ಹಾಗೂ ತೂಕ ಕಡಿಮೆಯಿರುವುದರಿಂದ ಇಂಧನ ಉಳಿತಾಯವಾಗುತ್ತದೆ.
4) ಎಂಜಿನ್ನಿನ ಭಾರ ಚಾಲನಾ ಚಕ್ರಗಳ ಮೇಲೆಯೇ ಬೀಳುವುದರಿಂದ ಮಳೆಯಲ್ಲಿ, ಸಮತಟ್ಟಾದ ಒದ್ದೆ ರಸ್ತೆಯಲ್ಲಿ ಉತ್ತಮ ಹಿಡಿತ ಇರುತ್ತದೆ.

ಅನಾನುಕೂಲತೆಗಳು:
1) ಕಡಿದಾದ ಏರಿನಲ್ಲಿ, ಹಿಂದಿನ ಆಸನ ಮತ್ತು ಡಿಕ್ಕಿ ತುಂಬಿರುವಾಗ, ಭಾರವು ಹಿಂದಕ್ಕೆ ವಾಲಿ ಮುಂದಿನ ಚಕ್ರಗಳು ಹಗುರವಾಗುತ್ತವೆ. ದಾರಿ ಮಣ್ಣಿನದಾಗಿದ್ದು ಒದ್ದೆಯಾಗಿದ್ದರೆ ಚಕ್ರಗಳು ಜಾರಿ ತಿರುಗತೊಡಗುತ್ತವೆ.
2) ವಾಹನವನ್ನು ಎಳೆಯುವ ಮತ್ತು ದಿಕ್ಕು ತಿರುಗಿಸುವ ಎರಡೂ ಕೆಲಸಗಳು ಮುಂದಿನ ಟೈರುಗಳದೇ ಆಗಿರುವುದರಿಂದ ಅವು ಬೇಗ ಸವೆಯುತ್ತವೆ.
3) ಮುಂದಿನ ಚಕ್ರಗಳಿಗೆ ಶಕ್ತಿ ತಲುಪಿಸುವ ಸಿ.ವಿ. ಜಾಯಿಂಟುಗಳ ರಬ್ಬರ್ ಬೂಟು ಹರಿದು ಮಣ್ಣು ನೀರು ಒಳಸೇರಿದರೆ ಜಾಯಿಂಟೇ ಹಾಳಾಗುತ್ತದೆ. ಸ್ಟಿಯರಿಂಗ್ ಪೂರ್ತಿ ತಿರುಗಿಸಿದಾಗ ಟಕ ಟಕ ಸದ್ದು ಬಂದಲ್ಲಿ ಕೂಡಲೇ ಪರೀಕ್ಷೆ ಮಾಡಿಸಬೇಕು.

4. ಹಿಂಚಕ್ರ ಚಾಲನೆ

ಸರಕು ಸಾಗಣೆ ವಾಹನಗಳು, ಬಸ್ಸುಗಳು ಹಾಗೂ ಆಟೋರಿಕ್ಷಾಗಳಲ್ಲಿ ಸಾಮಾನ್ಯವಾಗಿ ಇದೇ ವ್ಯವಸ್ಥೆ ಇರುತ್ತದೆ. ಹೊರೆ ಬೀಳುವುದು ಹಿಂದಿನ ಅಚ್ಚಿನ ಮೇಲೆ. ಹೊರೆ ಹೆಚ್ಚಿದಂತೆ ಹಿಂದಿನ ಚಕ್ರಗಳ ಹಿಡಿತವೂ ಹೆಚ್ಚುತ್ತದೆ. ಆದ್ದರಿಂದ ಶಕ್ತಿಯನ್ನು ಅಲ್ಲಿಗೇ ಕೊಡುವುದು ಲಾಭದಾಯಕ. ಮಾರುತಿ ಓಮ್ನಿ, 2005ರಲ್ಲಿ ಬಂದ ಟಾಟಾ ಏಸ್ ಮತ್ತು ಅದೇ ವರ್ಷ ಬಿಡದಿಯ ಕಾರ್ಖಾನೆಯಿಂದ ಹೊರಬಂದ ಟೊಯೋಟಾ ಇನ್ನೋವಾ ಈ ವರ್ಗಕ್ಕೆ ಸೇರಿದವು.

ಇನ್ನೋವಾ ವಾಹನದ ಉದಾಹರಣೆಯು ಎರಡೂ ವ್ಯವಸ್ಥೆಗಳ ವ್ಯತ್ಯಾಸವನ್ನು ಸ್ಪಷ್ಟಪಡಿಸುತ್ತದೆ. 2005ರ ಮಾದರಿಯು ಗಟ್ಟಿಯಾದ ಪ್ರತ್ಯೇಕ ಚಾಸಿಯ ಮೇಲೆ ನಿರ್ಮಿತವಾಗಿದ್ದು ಹಿಂಚಕ್ರ ಚಾಲನೆ ಹೊಂದಿತ್ತು. 2022ರ ನವೆಂಬರ್‌ನಲ್ಲಿ ಪ್ರದರ್ಶಿಸಲಾದ ಇನ್ನೋವಾ ಹೈಕ್ರಾಸ್ ಮಾದರಿಯಲ್ಲಿ ಪ್ರತ್ಯೇಕ ಚಾಸಿಯನ್ನು ಕೈಬಿಟ್ಟು ಮುಂಚಕ್ರ ಚಾಲನೆಯನ್ನು ಅಳವಡಿಸಲಾಯಿತು. ಹೆಸರು ಒಂದೇ ಇದ್ದರೂ ಭಾರ ತುಂಬಿ ಏರು ಹತ್ತುವ ಬಗೆಯಲ್ಲಿ ಎರಡೂ ಬೇರೆ ಬೇರೆ ವಾಹನಗಳೇ ಆಗಿವೆ. ಹೆಸರನ್ನು ನೋಡಿ ಮಾತ್ರ ಖರೀದಿಸಬಾರದು ಎಂಬುದಕ್ಕೆ ಇದು ನಿದರ್ಶನ.

ಅನುಕೂಲತೆಗಳು:
1) ಪೂರ್ಣ ಹೊರೆಯೊಂದಿಗೆ ಏರು ಹತ್ತುವಾಗ ಹಿಡಿತ ಉತ್ತಮ.
2) ಮುಂದಿನ ಚಕ್ರಗಳಿಗೆ ದಿಕ್ಕು ಬದಲಿಸುವ ಕೆಲಸ ಮಾತ್ರ ಇರುವುದರಿಂದ ಅವುಗಳನ್ನು ಹೆಚ್ಚು ಕೋನಕ್ಕೆ ತಿರುಗಿಸುವಂತೆ ರಚಿಸಬಹುದು, ಇಕ್ಕಟ್ಟಾದ ಸ್ಥಳದಲ್ಲಿ ತಿರುಗಿಸಲು ಇದು ನೆರವಾಗುತ್ತದೆ.
3) ಒರಟು ಬಳಕೆಗೆ ತಾಳುವ ಗುಣವಿದ್ದು, ದುರಸ್ತಿಯ ಪರಿಚಯ ತಾಲ್ಲೂಕು ಮಟ್ಟದ ಗ್ಯಾರೇಜುಗಳಲ್ಲಿಯೂ ಇರುತ್ತದೆ.

ಅನಾನುಕೂಲತೆಗಳು:
1) ವಾಹನ ಖಾಲಿಯಿದ್ದಾಗ ಹಿಂಭಾಗ ಹಗುರವಾಗಿ, ಒದ್ದೆ ರಸ್ತೆಯ ತಿರುವಿನಲ್ಲಿ ಆಕ್ಸಿಲರೇಟರನ್ನು ಜೋರಾಗಿ ಒತ್ತಿದರೆ ಹಿಂಭಾಗವು ಹೊರಕ್ಕೆ ಜಾರುವ ಸಂಭವ ಹೆಚ್ಚು. ಹೊರೆ ಇಳಿಸಿ ಹಿಂದಿರುಗುವ ಸರಕು ವಾಹನಗಳ ಚಾಲಕರು ಇದನ್ನು ವಿಶೇಷವಾಗಿ ಗಮನದಲ್ಲಿಡಬೇಕು.
2) ಎಂಜಿನ್ ಮುಂಭಾಗದಲ್ಲಿರುವ ವಾಹನಗಳಲ್ಲಿ ಪ್ರೊಪೆಲ್ಲರ್ ಶಾಫ್ಟ್ ಮತ್ತು ಹಿಂದಿನ ಹೌಸಿಂಗ್‌ನಿಂದಾಗಿ ತೂಕ ಹೆಚ್ಚು, ಒಳಗಿನ ಸ್ಥಳ ಕಡಿಮೆ, ಇಂಧನ ವೆಚ್ಚ ತುಸು ಹೆಚ್ಚು.

5. ನಾಲ್ಕು ಚಕ್ರ ಚಾಲನೆ

ಫೋರ್ ವೀಲ್ ಡ್ರೈವ್, ಫೋರ್ ಬೈ ಫೋರ್ ಎಂಬ ಹೆಸರುಗಳಿಂದ ಪರಿಚಿತವಾಗಿರುವ ಈ ವ್ಯವಸ್ಥೆಯು ಸಾಮಾನ್ಯವಾಗಿ ಜೀಪು ಮಾದರಿಯ ವಾಹನಗಳಲ್ಲಿ ಇರುತ್ತದೆ. 1985ರಲ್ಲಿ ಬಂದ ಮಾರುತಿ ಜಿಪ್ಸಿ, ಮಹೀಂದ್ರಾ ಜೀಪುಗಳು ಮತ್ತು 2023ರಲ್ಲಿ ಬಂದ ಜಿಮ್ನಿ ಇದಕ್ಕೆ ಉದಾಹರಣೆಗಳು. ಇಂತಹ ವಾಹನವು ಸಾಮಾನ್ಯ ರಸ್ತೆಯಲ್ಲಿ ಹಿಂಚಕ್ರ ಚಾಲನೆಯಲ್ಲಿಯೇ ಸಾಗುತ್ತದೆ. ಅಗತ್ಯವಿದ್ದಾಗ ಚಾಲಕರು ಪ್ರತ್ಯೇಕ ಲಿವರ್ ಅಥವಾ ಸ್ವಿಚ್ಚಿನ ಮೂಲಕ ಮುಂದಿನ ಚಕ್ರಗಳಿಗೂ ಶಕ್ತಿಯನ್ನು ಜೋಡಿಸುತ್ತಾರೆ. ಹಳೆಯ ಕೆಲವು ಮಾದರಿಗಳಲ್ಲಿ ಚಾಲಕರು ಕೆಳಗಿಳಿದು ಮುಂದಿನ ಚಕ್ರಗಳ ಹಬ್ಬುಗಳನ್ನು ಕೈಯಿಂದ ಲಾಕ್ ಮಾಡಬೇಕಾಗುತ್ತದೆ.

ಈ ವಾಹನಗಳಲ್ಲಿ ಹೆಚ್ಚಿನವುಗಳಿಗೆ ಲೋ ರೇಂಜ್ ಎಂಬ ಎರಡನೆಯ ಗೇರ್ ಶ್ರೇಣಿಯೂ ಇರುತ್ತದೆ. ಇದರಲ್ಲಿ ವೇಗ ತೀರಾ ಕಡಿಮೆಯಾಗಿ ಎಳೆಯುವ ಬಲ ಹೆಚ್ಚುತ್ತದೆ. ಕಡಿದಾದ ಇಳಿಜಾರಿನಲ್ಲಿ ಎಂಜಿನ್ನೇ ನಾಲ್ಕೂ ಚಕ್ರಗಳನ್ನು ತಡೆದು ವಾಹನವನ್ನು ನಿಧಾನವಾಗಿ ಇಳಿಸುತ್ತದೆ.

ಅನುಕೂಲತೆಗಳು: ಕೆಸರು, ಮರಳು, ಸಡಿಲ ಕಲ್ಲಿನ ಏರು, ತೋಟದ ಒಳದಾರಿ ಮುಂತಾದ ಕಡೆ ಬೇರಾವ ವ್ಯವಸ್ಥೆಗಿಂತಲೂ ಹೆಚ್ಚು ಭರವಸೆಯಿಂದ ಸಾಗಬಹುದು.

ಅನಾನುಕೂಲತೆಗಳು:
1) ಬೆಲೆ, ತೂಕ, ಇಂಧನ ವೆಚ್ಚ ಹಾಗೂ ನಿರ್ವಹಣಾ ವೆಚ್ಚ ಹೆಚ್ಚು.
2) ಮಧ್ಯದ ಡಿಫರೆನ್ಷಿಯಲ್ ಇಲ್ಲದ ವಾಹನಗಳನ್ನು ಒಣ ಡಾಂಬರು ಅಥವಾ ಕಾಂಕ್ರೀಟ್ ರಸ್ತೆಯಲ್ಲಿ ನಾಲ್ಕು ಚಕ್ರ ಚಾಲನೆಯಲ್ಲಿ ಓಡಿಸಬಾರದು. ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವುಗಳಿಗಿಂತ ಹೆಚ್ಚು ದೂರ ಕ್ರಮಿಸಬೇಕಾಗಿದ್ದು, ಎರಡೂ ಅಚ್ಚುಗಳು ಒಂದೇ ವೇಗದಲ್ಲಿ ಬಿಗಿಯಲ್ಪಟ್ಟಿರುವುದರಿಂದ ಗೇರುಗಳ ಮೇಲೆ ಒತ್ತಡ ಬಿದ್ದು ಸ್ಟಿಯರಿಂಗ್ ಬಿಗಿಯಾಗುತ್ತದೆ, ಟೈರುಗಳು ಉಜ್ಜಲ್ಪಡುತ್ತವೆ ಮತ್ತು ಭಾಗಗಳು ಮುರಿಯುವ ಸಂಭವವಿರುತ್ತದೆ. ಕೆಸರಿನಲ್ಲಿ ಚಕ್ರಗಳು ಸ್ವಲ್ಪ ಜಾರುವುದರಿಂದ ಈ ತೊಂದರೆ ಇರುವುದಿಲ್ಲ.
3) ವ್ಯವಸ್ಥೆಯನ್ನು ದೀರ್ಘಕಾಲ ಬಳಸದೆ ಬಿಟ್ಟರೆ ಅಗತ್ಯ ಬಿದ್ದಾಗ ಜೋಡಣೆಯಾಗದಿರಬಹುದು.

ಒಂದೇ ಹೆಸರಿನ ವಾಹನವು ಎರಡು ಬಗೆಗಳಲ್ಲಿ ದೊರೆಯುವುದೂ ಉಂಟು. 2020ರ ಮಹೀಂದ್ರಾ ಥಾರ್ ನಾಲ್ಕು ಚಕ್ರ ಚಾಲನೆಯೊಂದಿಗೆ ಬಂದಿತ್ತು. 2023ರ ಜನವರಿಯಲ್ಲಿ ಅದರ ಹಿಂಚಕ್ರ ಚಾಲನೆಯ ಮಾದರಿಯೂ ಬಿಡುಗಡೆಯಾಯಿತು. ಹೊರನೋಟಕ್ಕೆ ಜೀಪಿನಂತೆ ಕಾಣುವ ವಾಹನಗಳೆಲ್ಲವೂ ನಾಲ್ಕು ಚಕ್ರ ಚಾಲನೆಯವಲ್ಲ. ಎತ್ತರದ ಕಾರುಗಳಲ್ಲಿ ಹೆಚ್ಚಿನವು ಮುಂಚಕ್ರ ಚಾಲನೆಯವೇ ಆಗಿರುತ್ತವೆ.

6. ಸರ್ವಚಕ್ರ ಚಾಲನೆ

ಆಲ್ ವೀಲ್ ಡ್ರೈವ್ ಎಂದು ಕರೆಯಲಾಗುವ ಈ ವ್ಯವಸ್ಥೆಯಲ್ಲಿ ಚಾಲಕರು ಏನನ್ನೂ ಜೋಡಿಸಬೇಕಾಗಿಲ್ಲ. ಕೆಲವು ವಾಹನಗಳಲ್ಲಿ ನಾಲ್ಕೂ ಚಕ್ರಗಳಿಗೆ ಸದಾ ಶಕ್ತಿ ದೊರೆಯುತ್ತದೆ. ಇನ್ನು ಕೆಲವುಗಳಲ್ಲಿ ವಾಹನವು ಮುಂಚಕ್ರ ಚಾಲನೆಯಲ್ಲಿ ಸಾಗುತ್ತಿದ್ದು, ಚಕ್ರ ಜಾರಿದುದನ್ನು ಉಪಕರಣಗಳು ಗ್ರಹಿಸಿದ ಕೂಡಲೇ ಹಿಂದಿನ ಚಕ್ರಗಳಿಗೂ ಶಕ್ತಿ ಹರಿಯುತ್ತದೆ. ಒಣ ರಸ್ತೆಯಲ್ಲಿಯೂ ಇದನ್ನು ನಿರಾತಂಕವಾಗಿ ಬಳಸಬಹುದು.

ಮಳೆಯಲ್ಲಿ ನೆನೆದ ಘಟ್ಟದ ರಸ್ತೆ, ಜಲ್ಲಿ ಚೆಲ್ಲಿದ ಹಳ್ಳಿಯ ರಸ್ತೆಗಳಿಗೆ ಇದು ಸೂಕ್ತ. ಆದರೆ ಹೆಚ್ಚಿನ ಮಾದರಿಗಳಲ್ಲಿ ಲೋ ರೇಂಜ್ ಇರುವುದಿಲ್ಲ. ಆದ್ದರಿಂದ ಆಳವಾದ ಕೆಸರಿನಲ್ಲಿ ನಾಲ್ಕು ಚಕ್ರ ಚಾಲನೆಯ ಜೀಪಿನಷ್ಟು ಸಾಮರ್ಥ್ಯವನ್ನು ನಿರೀಕ್ಷಿಸಬಾರದು. ನಾಲ್ಕೂ ಟೈರುಗಳು ಒಂದೇ ಅಳತೆಯವಾಗಿದ್ದು ಸುಮಾರಾಗಿ ಒಂದೇ ಪ್ರಮಾಣದಲ್ಲಿ ಸವೆದಿರಬೇಕು. ಎರಡು ಹೊಸ, ಎರಡು ಹಳೆಯ ಟೈರುಗಳನ್ನು ಹಾಕಿದಲ್ಲಿ ಚಕ್ರಗಳ ಸುತ್ತಳತೆ ವ್ಯತ್ಯಾಸವಾಗಿ ಒಳಭಾಗಗಳಿಗೆ ಹಾನಿಯಾಗಬಹುದು. ಟೈರಿನ ವೆಚ್ಚವನ್ನು ಅಂದಾಜಿಸುವಾಗ ಈ ಅಂಶವನ್ನು ಸೇರಿಸಿಕೊಳ್ಳಬೇಕು.

7. ವಿದ್ಯುತ್ ಚಾಲಿತ ವಾಹನಗಳು

ವಿದ್ಯುತ್ ಮೋಟಾರು ಚಿಕ್ಕದಾಗಿರುವುದರಿಂದ ಅದನ್ನು ಮುಂದಿನ ಅಥವಾ ಹಿಂದಿನ ಯಾವ ಅಚ್ಚಿನ ಬಳಿಯಾದರೂ ಇರಿಸಬಹುದು. 2001ರಲ್ಲಿ ಬೆಂಗಳೂರಿನಲ್ಲಿ ಮಾರಾಟಕ್ಕೆ ಬಂದ ರೇವಾ ಕಾರಿನಲ್ಲಿ ಮೋಟಾರು ಹಿಂದಿನ ಚಕ್ರಗಳನ್ನು ತಿರುಗಿಸುತ್ತಿತ್ತು. 2020ರಲ್ಲಿ ಬಂದ ಟಾಟಾ ನೆಕ್ಸಾನ್ ವಿದ್ಯುತ್ ಕಾರು ಮುಂಚಕ್ರ ಚಾಲನೆಯದು. ಎರಡೂ ಅಚ್ಚುಗಳಿಗೆ ಪ್ರತ್ಯೇಕ ಮೋಟಾರುಗಳನ್ನು ಅಳವಡಿಸಿದಲ್ಲಿ ಪ್ರೊಪೆಲ್ಲರ್ ಶಾಫ್ಟ್ ಇಲ್ಲದೆಯೇ ಸರ್ವಚಕ್ರ ಚಾಲನೆ ಸಾಧ್ಯವಾಗುತ್ತದೆ. ಆದರೆ ಬೆಲೆ ಹೆಚ್ಚುತ್ತದೆ.

ಬ್ಯಾಟರಿಯ ಭಾರವನ್ನು ಸಾಮಾನ್ಯವಾಗಿ ನೆಲದ ಕೆಳಗೆ ಹರಡಲಾಗುವುದರಿಂದ ಇಂದಿನ ವಿದ್ಯುತ್ ಕಾರುಗಳಲ್ಲಿ ಮುಂದಿನ ಹಾಗೂ ಹಿಂದಿನ ಚಕ್ರಗಳ ಭಾರದ ವ್ಯತ್ಯಾಸ ಕಡಿಮೆ. ಮೋಟಾರು ನಿಂತಲ್ಲಿಂದಲೇ ಹೆಚ್ಚಿನ ಬಲ ನೀಡುವುದರಿಂದ ಒದ್ದೆ ರಸ್ತೆಯಲ್ಲಿ ಆಕ್ಸಿಲರೇಟರನ್ನು ಮೆಲ್ಲಗೆ ಒತ್ತುವುದು ಅವಶ್ಯ.

8. ರಾಜ್ಯದ ರಸ್ತೆಗಳು ಮತ್ತು ಸೂಕ್ತ ಆಯ್ಕೆ

ಕರ್ನಾಟಕದಲ್ಲಿ ಎಲ್ಲ ಭಾಗಗಳಿಗೂ ಒಂದೇ ಸಲಹೆ ಹೊಂದುವುದಿಲ್ಲ.

ನಗರ ಮತ್ತು ಬಯಲುಸೀಮೆ: ಬೆಂಗಳೂರು, ಮೈಸೂರು, ತುಮಕೂರು, ದಾವಣಗೆರೆ ಮುಂತಾದ ಕಡೆ ಡಾಂಬರು ರಸ್ತೆಯಲ್ಲಿಯೇ ಓಡಾಡುವ ಕುಟುಂಬಕ್ಕೆ ಮುಂಚಕ್ರ ಚಾಲನೆಯ ಕಾರು ಸಾಕು.

ಘಟ್ಟದ ಹೆದ್ದಾರಿಗಳು: ಶಿರಾಡಿ, ಚಾರ್ಮಾಡಿ, ಸಂಪಾಜೆ ಮತ್ತು ಆಗುಂಬೆ ಘಟ್ಟಗಳು ಕಡಿದಾಗಿದ್ದರೂ ಡಾಂಬರು ಅಥವಾ ಕಾಂಕ್ರೀಟ್ ರಸ್ತೆಗಳೇ ಆಗಿವೆ. ಸುಸ್ಥಿತಿಯಲ್ಲಿರುವ ಯಾವುದೇ ಚಾಲನಾ ವ್ಯವಸ್ಥೆಯ ಕಾರು ಇವುಗಳನ್ನು ಏರಬಲ್ಲದು. ಇಲ್ಲಿ ಮುಖ್ಯವಾದುದು ಟೈರು, ಬ್ರೇಕು ಹಾಗೂ ಚಾಲಕರ ತಾಳ್ಮೆ.

ಮಲೆನಾಡು ಮತ್ತು ಕೊಡಗಿನ ಒಳದಾರಿಗಳು: ಮುಖ್ಯರಸ್ತೆಯಿಂದ ಮನೆಗೆ ಅಥವಾ ಕಾಫಿ, ಅಡಿಕೆ ತೋಟಕ್ಕೆ ಸಾಗುವ ಮಣ್ಣಿನ ಏರುದಾರಿಯು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಜಾರುತ್ತದೆ. ಗರ್ಭಿಣಿಯರು, ರೋಗಿಗಳು, ಶಾಲಾ ಮಕ್ಕಳು ಇದೇ ದಾರಿಯಲ್ಲಿ ಬರಬೇಕಾದ ಮನೆಗಳಿಗೆ ನಾಲ್ಕು ಚಕ್ರ ಚಾಲನೆಯು ಆಡಂಬರವಲ್ಲ, ಅವಶ್ಯಕತೆ. ಕೊಡಚಾದ್ರಿಗೆ ಏರುವ ದಾರಿಯಲ್ಲಿ ಪ್ರವಾಸಿಗರನ್ನು ಜೀಪುಗಳಲ್ಲಿ ಕರೆದೊಯ್ಯುವುದಕ್ಕೂ ಇದೇ ಕಾರಣ.

ಎರೆಮಣ್ಣಿನ ಪ್ರದೇಶ: ವಿಜಯಪುರ, ಗದಗ, ಧಾರವಾಡ, ರಾಯಚೂರು ಮುಂತಾದ ಜಿಲ್ಲೆಗಳ ಕಪ್ಪು ಮಣ್ಣು ಒಣಗಿದಾಗ ಕಲ್ಲಿನಂತೆ ಗಟ್ಟಿ, ಒಂದು ಒಳ್ಳೆಯ ಮಳೆ ಬಿದ್ದರೆ ಟೈರಿಗೆ ಮೆತ್ತಿಕೊಂಡು ಅದರ ಗೆರೆಗಳೆಲ್ಲ ಮುಚ್ಚಿಹೋಗುತ್ತವೆ. ಗೆರೆ ಮುಚ್ಚಿದ ಟೈರಿಗೆ ನಾಲ್ಕು ಚಕ್ರಗಳ ಶಕ್ತಿಯಿದ್ದರೂ ಹಿಡಿತ ಸಿಗುವುದು ಕಷ್ಟ. ಹೊಲದ ದಾರಿಗೆ ಟ್ರ್ಯಾಕ್ಟರನ್ನೇ ಬಳಸಿ ಕಾರನ್ನು ಗಟ್ಟಿ ರಸ್ತೆಯಲ್ಲಿ ನಿಲ್ಲಿಸುವ ಅಲ್ಲಿನ ರೈತರ ಕ್ರಮವೇ ಸರಿಯಾದುದು.

ಸರಕು ಮತ್ತು ಬಾಡಿಗೆ ವಾಹನ: ಪೂರ್ಣ ಹೊರೆಯೊಂದಿಗೆ ಏರು ಹತ್ತಬೇಕಾದವರಿಗೆ ಹಿಂಚಕ್ರ ಚಾಲನೆ ಸೂಕ್ತ.

9. ಚಲಿಸಲು ನಾಲ್ಕು ಚಕ್ರ, ನಿಲ್ಲಿಸಲು ಟೈರು

ನಾಲ್ಕು ಚಕ್ರ ಚಾಲನೆಯ ವಾಹನವು ಹೆಚ್ಚು ಸುರಕ್ಷಿತ ಎಂಬ ಭಾವನೆ ವ್ಯಾಪಕವಾಗಿದೆ. ಇದು ಅರ್ಧಸತ್ಯ. ಚಾಲನಾ ವ್ಯವಸ್ಥೆಯು ವಾಹನ ಚಲಿಸಲು ನೆರವಾಗುತ್ತದೆ. ಬ್ರೇಕುಗಳು ಎಲ್ಲ ಕಾರುಗಳಲ್ಲಿಯೂ ನಾಲ್ಕೂ ಚಕ್ರಗಳಿಗೆ ಇರುತ್ತವೆ. ಆದ್ದರಿಂದ ಬ್ರೇಕ್ ಒತ್ತಿದಾಗ ವಾಹನ ಎಷ್ಟು ದೂರದಲ್ಲಿ ನಿಲ್ಲುತ್ತದೆ ಎಂಬುದು ವೇಗ, ಟೈರು ಮತ್ತು ರಸ್ತೆಯನ್ನು ಅವಲಂಬಿಸಿದೆಯೇ ಹೊರತು ಚಾಲನಾ ಚಕ್ರಗಳ ಸಂಖ್ಯೆಯನ್ನಲ್ಲ.

ಸಮತಟ್ಟಾದ ರಸ್ತೆಯಲ್ಲಿ ಚಾಲಕರ ಪ್ರತಿಕ್ರಿಯೆಗೆ 1 ಸೆಕೆಂಡು ಎಂದೂ, ಟೈರು ಮತ್ತು ರಸ್ತೆಯ ನಡುವಿನ ಘರ್ಷಣಾಂಕವು ಒಣ ರಸ್ತೆಯಲ್ಲಿ 0.7, ಒದ್ದೆ ರಸ್ತೆಯಲ್ಲಿ 0.4 ಎಂದೂ ಇಟ್ಟುಕೊಂಡು ಲೆಕ್ಕ ಹಾಕಿದರೆ ವಾಹನ ನಿಲ್ಲಲು ಬೇಕಾಗುವ ದೂರ ಸುಮಾರು ಹೀಗಿರುತ್ತದೆ:

ಗಂಟೆಗೆ 40 ಕಿ.ಮೀ. ವೇಗ: ಒಣ ರಸ್ತೆಯಲ್ಲಿ 20 ಮೀಟರ್, ಒದ್ದೆ ರಸ್ತೆಯಲ್ಲಿ 27 ಮೀಟರ್.
ಗಂಟೆಗೆ 60 ಕಿ.ಮೀ. ವೇಗ: ಒಣ ರಸ್ತೆಯಲ್ಲಿ 37 ಮೀಟರ್, ಒದ್ದೆ ರಸ್ತೆಯಲ್ಲಿ 52 ಮೀಟರ್.

ಇಳಿಜಾರಿನಲ್ಲಿ ಈ ದೂರ ಇನ್ನೂ ಹೆಚ್ಚುತ್ತದೆ. ಈ ಲೆಕ್ಕವು ಸಣ್ಣ ಮುಂಚಕ್ರ ಚಾಲನೆಯ ಕಾರಿಗೂ ದೊಡ್ಡ ನಾಲ್ಕು ಚಕ್ರ ಚಾಲನೆಯ ಜೀಪಿಗೂ ಒಂದೇ. ಮಳೆಯಲ್ಲಿ ಚಕ್ರ ಜಾರದೆ ಸರಾಗವಾಗಿ ವೇಗ ಪಡೆಯುವ ವಾಹನದ ಚಾಲಕರಿಗೆ ರಸ್ತೆ ಎಷ್ಟು ಜಾರುತ್ತಿದೆ ಎಂಬ ಅರಿವೇ ಆಗದಿರಬಹುದು. ಬ್ರೇಕ್ ಒತ್ತಿದ ಕ್ಷಣದಲ್ಲಿ ಅದು ತಿಳಿಯುತ್ತದೆ. ಹರಿಯುವ ಹಳ್ಳವನ್ನು ದಾಟುವಾಗಲೂ ಹೀಗೆಯೇ. ನೀರಿನ ಸೆಳೆತಕ್ಕೆ ಚಕ್ರಗಳು ನೆಲ ಬಿಟ್ಟ ಮೇಲೆ ಯಾವ ಚಾಲನಾ ವ್ಯವಸ್ಥೆಯೂ ಕೆಲಸಕ್ಕೆ ಬಾರದು. ಸೇತುವೆಯ ಮೇಲೆ ನೀರು ಹರಿಯುತ್ತಿದ್ದಲ್ಲಿ ದಾಟುವ ಪ್ರಯತ್ನ ಮಾಡಬಾರದು.

ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ಕಾರಿನ ಟೈರಿನ ಗೆರೆಗಳ ಆಳವು 1.6 ಮಿಲಿಮೀಟರ್‌ಗಿಂತ ಕಡಿಮೆ ಇರತಕ್ಕದ್ದಲ್ಲ. ಮಳೆಗಾಲಕ್ಕೆ ಮುನ್ನ ಇದನ್ನು ಪರಿಶೀಲಿಸುವುದು, ಘಟ್ಟ ಇಳಿಯುವಾಗ ಕೆಳಗಿನ ಗೇರಿನಲ್ಲಿ ಇಳಿಯುವುದು, ನ್ಯೂಟ್ರಲ್‌ನಲ್ಲಿ ಉರುಳಿಸದಿರುವುದು ಹಾಗೂ ಇಕ್ಕಟ್ಟಾದ ರಸ್ತೆಯಲ್ಲಿ ಮೇಲೇರುವ ವಾಹನಕ್ಕೆ ಮೊದಲು ದಾರಿ ಬಿಡುವುದು ಎಲ್ಲ ವಾಹನಗಳ ಚಾಲಕರ ಕರ್ತವ್ಯ.

10. ವೆಚ್ಚದ ಲೆಕ್ಕ

ನಾಲ್ಕು ಚಕ್ರ ಚಾಲನೆಯ ಅಗತ್ಯವನ್ನು ಲೆಕ್ಕದ ಮೂಲಕ ನಿರ್ಧರಿಸಬಹುದು. ಕೆಳಗಿನ ಅಂಕಿಗಳು ಮಾದರಿಗಾಗಿ ಮಾತ್ರ. ಅರ್ಜಿದಾರರು ತಮ್ಮ ವಾಹನದ ನೈಜ ಅಂಕಿಗಳನ್ನು ಹಾಕಿಕೊಳ್ಳಬೇಕು.

ವರ್ಷಕ್ಕೆ 12,000 ಕಿ.ಮೀ. ಓಡಿಸುವ ಕುಟುಂಬವೊಂದು ಲೀಟರಿಗೆ 15 ಕಿ.ಮೀ. ನೀಡುವ ಎರಡು ಚಕ್ರ ಚಾಲನೆಯ ವಾಹನಕ್ಕೆ 800 ಲೀಟರ್ ಇಂಧನ ಬಳಸುತ್ತದೆ. ಲೀಟರಿಗೆ 12.5 ಕಿ.ಮೀ. ನೀಡುವ ನಾಲ್ಕು ಚಕ್ರ ಚಾಲನೆಯ ವಾಹನಕ್ಕೆ 960 ಲೀಟರ್ ಬೇಕು. ವ್ಯತ್ಯಾಸ 160 ಲೀಟರ್. ಲೀಟರಿಗೆ 100 ರೂ. ಎಂದು ಹಿಡಿದರೆ ವರ್ಷಕ್ಕೆ 16,000 ರೂ., 10 ವರ್ಷಕ್ಕೆ 1,60,000 ರೂ. ಖರೀದಿ ಬೆಲೆಯಲ್ಲಿನ ವ್ಯತ್ಯಾಸ 1,50,000 ರೂ. ಎಂದಿಟ್ಟುಕೊಂಡರೆ ಒಟ್ಟು 3,10,000 ರೂ., ಅಂದರೆ ವರ್ಷಕ್ಕೆ 31,000 ರೂ. ಹೆಚ್ಚುವರಿ ವೆಚ್ಚ.

ವರ್ಷದಲ್ಲಿ 10 ದಿನ ಮಾತ್ರ ಕೆಸರಿನ ದಾರಿಯಲ್ಲಿ ಹೋಗುವ ಕುಟುಂಬಕ್ಕೆ ಇದು ದಿನವೊಂದಕ್ಕೆ 3,100 ರೂ. ಆಗುತ್ತದೆ, ಆ ದಿನಗಳಿಗೆ ಬಾಡಿಗೆ ಜೀಪು ಪಡೆಯುವುದು ಅಗ್ಗವಾಗಬಹುದು. ವರ್ಷಕ್ಕೆ 150 ದಿನ ಅಂತಹ ದಾರಿಯನ್ನೇ ಬಳಸುವ ಮನೆಗೆ ದಿನಕ್ಕೆ ಸುಮಾರು 207 ರೂ. ಮಾತ್ರ; ಅವರಿಗೆ ಈ ವೆಚ್ಚ ನ್ಯಾಯೋಚಿತ. ಇದಲ್ಲದೆ, ರಾಜ್ಯದಲ್ಲಿ ಕಾರುಗಳ ಆಜೀವ ತೆರಿಗೆಯನ್ನು ವಾಹನದ ಬೆಲೆಯ ಆಧಾರದ ಮೇಲೆ ವಿಧಿಸಲಾಗುವುದರಿಂದ ಬೆಲೆ ಹೆಚ್ಚಾದಲ್ಲಿ ತೆರಿಗೆಯ ಮೊತ್ತವೂ ಹೆಚ್ಚುತ್ತದೆ ಎಂಬುದನ್ನು ಗಮನಿಸುವುದು.

11. ಮಾರ್ಪಾಡು ಕುರಿತು ಕಾನೂನು

ಮೋಟಾರು ವಾಹನ ಅಧಿನಿಯಮ, 1988ರ ಕಲಂ 52ರ ಅನ್ವಯ, ನೋಂದಣಿ ಪ್ರಮಾಣಪತ್ರದಲ್ಲಿನ ವಿವರಗಳು ತಯಾರಕರು ಮೂಲತಃ ನಿರ್ದಿಷ್ಟಪಡಿಸಿದ ವಿವರಗಳಿಗಿಂತ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸತಕ್ಕದ್ದಲ್ಲ. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವೂ ಇದೇ ನಿಲುವನ್ನು ಸ್ಪಷ್ಟಪಡಿಸಿದೆ. ಅದೇ ವರ್ಷದ ತಿದ್ದುಪಡಿಯಿಂದ ಸೇರ್ಪಡೆಯಾದ ಕಲಂ 182ಎ ಪ್ರಕಾರ, ಅನುಮತಿಯಿಲ್ಲದ ಪ್ರತಿ ಮಾರ್ಪಾಡಿಗೆ 5,000 ರೂ. ದಂಡ ಅಥವಾ 6 ತಿಂಗಳವರೆಗೆ ಕಾರಾವಾಸ ಅಥವಾ ಎರಡನ್ನೂ ವಿಧಿಸಲು ಅವಕಾಶವಿದೆ.

ಹಳೆಯ ಜೀಪುಗಳನ್ನು ಖರೀದಿಸುವವರು ವಿಶೇಷ ಎಚ್ಚರಿಕೆ ವಹಿಸಬೇಕು. ಬೇರೆ ವಾಹನದ ಎಂಜಿನ್, ಗೇರ್‌ಬಾಕ್ಸ್ ಅಥವಾ ಮುಂದಿನ ಅಚ್ಚನ್ನು ಜೋಡಿಸಿ ನಾಲ್ಕು ಚಕ್ರ ಚಾಲನೆಯೆಂದು ಮಾರಾಟ ಮಾಡಲಾದ ವಾಹನವು ಓಡಾಟಕ್ಕೆ ಚೆನ್ನಾಗಿಯೇ ಇರಬಹುದು. ಆದರೆ ಮಾಲೀಕತ್ವ ವರ್ಗಾವಣೆಯ ಸಂದರ್ಭದಲ್ಲಿ ಅಥವಾ 15 ವರ್ಷಗಳ ನಂತರ ನಮೂನೆ 25ರಲ್ಲಿ ನೋಂದಣಿ ನವೀಕರಣಕ್ಕೆ ಅರ್ಜಿ ಸಲ್ಲಿಸಿ ತಪಾಸಣೆಗೆ ಹಾಜರುಪಡಿಸಿದಾಗ ವಿವರಗಳು ತಾಳೆಯಾಗದೆ ಅರ್ಜಿಗೆ ತಡೆ ಬರಬಹುದು. ಅಪಘಾತವಾದಲ್ಲಿ ವಿಮಾ ಪರಿಹಾರಕ್ಕೂ ತೊಡಕಾಗಬಹುದು. ಹಣ ತೆತ್ತವರು ಹೊಸ ಮಾಲೀಕರು, ತೊಂದರೆಯೂ ಅವರಿಗೇ. ಆದ್ದರಿಂದ ಹಣ ನೀಡುವ ಮುನ್ನವೇ ಚಾಸಿ ಸಂಖ್ಯೆ ಹಾಗೂ ಎಂಜಿನ್ ಸಂಖ್ಯೆಯನ್ನು ನೋಂದಣಿ ಪ್ರಮಾಣಪತ್ರದೊಂದಿಗೆ ತಾಳೆ ನೋಡತಕ್ಕದ್ದು.

12. ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ನಾಲ್ಕು ಚಕ್ರ ಚಾಲನೆಯ ಜೀಪು ಓಡಿಸಲು ಪ್ರತ್ಯೇಕ ಚಾಲನಾ ಅನುಜ್ಞಾ ಪತ್ರ ಬೇಕೆ?
ಉತ್ತರ: ಇಲ್ಲ. ಲಘು ಮೋಟಾರು ವಾಹನ ವರ್ಗದ ಅನುಜ್ಞಾ ಪತ್ರ ಸಾಕು.

ಪ್ರಶ್ನೆ: ಈಗಿರುವ ಹಿಂಚಕ್ರ ಚಾಲನೆಯ ವಾಹನವನ್ನು ಗ್ಯಾರೇಜಿನಲ್ಲಿ ನಾಲ್ಕು ಚಕ್ರ ಚಾಲನೆಗೆ ಬದಲಾಯಿಸಬಹುದೆ?
ಉತ್ತರ: ಬದಲಾಯಿಸತಕ್ಕದ್ದಲ್ಲ. ಮೇಲಿನ 11ನೇ ಭಾಗವನ್ನು ನೋಡುವುದು.

ಪ್ರಶ್ನೆ: ವಾಹನ ಕೆಟ್ಟು ನಿಂತಾಗ ಎಳೆದೊಯ್ಯುವ ಬಗೆ ಯಾವುದು?
ಉತ್ತರ: ಚಾಲನಾ ಚಕ್ರಗಳು ನೆಲದ ಮೇಲೆ ಉರುಳುವಂತೆ ದೂರ ಎಳೆದರೆ ಗೇರ್‌ಬಾಕ್ಸಿಗೆ, ಅದರಲ್ಲಿಯೂ ಆಟೋಮ್ಯಾಟಿಕ್ ಗೇರ್‌ಬಾಕ್ಸಿಗೆ, ಹಾನಿಯಾಗಬಹುದು. ಮುಂಚಕ್ರ ಚಾಲನೆಯ ಕಾರಿನ ಮುಂಭಾಗವನ್ನು ಎತ್ತಿ ಎಳೆಯಬೇಕು. ಸರ್ವಚಕ್ರ ಚಾಲನೆಯ ವಾಹನವನ್ನು ಪೂರ್ಣವಾಗಿ ಲಾರಿಯ ಮೇಲೇರಿಸಿ ಸಾಗಿಸುವುದು ಉತ್ತಮ. ತಯಾರಕರ ಕೈಪಿಡಿಯಲ್ಲಿನ ಸೂಚನೆಯೇ ಅಂತಿಮ.

ಪ್ರಶ್ನೆ: ಎರಡು ಹೊಸ ಟೈರುಗಳನ್ನು ಮಾತ್ರ ಖರೀದಿಸಿದಲ್ಲಿ ಎಲ್ಲಿ ಹಾಕಬೇಕು?
ಉತ್ತರ: ಎರಡು ಚಕ್ರ ಚಾಲನೆಯ ಕಾರುಗಳಲ್ಲಿ, ಮುಂಚಕ್ರ ಚಾಲನೆಯದಾಗಿದ್ದರೂ, ಹಿಂದಿನ ಚಕ್ರಗಳಿಗೆ ಹಾಕುವುದು ಸೂಕ್ತ. ಒದ್ದೆ ತಿರುವಿನಲ್ಲಿ ಹಿಂಭಾಗ ಜಾರಿದರೆ ವಾಹನವನ್ನು ಹತೋಟಿಗೆ ತರುವುದು ಹೆಚ್ಚು ಕಷ್ಟ.

13. ಖರೀದಿಗೆ ಮುನ್ನ ಪರಿಶೀಲಿಸಬೇಕಾದ ಅಂಶಗಳು

1) ವಾಹನವು ದಿನನಿತ್ಯ ಸಾಗುವ ದಾರಿ ಯಾವುದು? ಮಳೆಗಾಲದಲ್ಲಿ ಅದರ ಸ್ಥಿತಿ ಏನು?
2) ಸಾಮಾನ್ಯವಾಗಿ ಎಷ್ಟು ಜನ, ಎಷ್ಟು ಹೊರೆ?
3) ಖರೀದಿಸುವ ಮಾದರಿಯ ಚಾಲನಾ ವ್ಯವಸ್ಥೆ ಯಾವುದೆಂದು ದರಪಟ್ಟಿಯಲ್ಲಿ ಲಿಖಿತವಾಗಿದೆಯೆ?
4) ಪರೀಕ್ಷಾರ್ಥ ಚಾಲನೆಯನ್ನು ಸಾಧ್ಯವಾದಷ್ಟು ಮನೆಯ ದಾರಿಯಲ್ಲಿಯೇ, ಕುಟುಂಬದವರನ್ನು ಕೂರಿಸಿಕೊಂಡು ಮಾಡಲಾಗಿದೆಯೆ?
5) ಟೈರು, ಇಂಧನ, ತೆರಿಗೆ ಮತ್ತು ವಿಮೆ ಸೇರಿ 10 ವರ್ಷಗಳ ವೆಚ್ಚವನ್ನು ಲೆಕ್ಕ ಹಾಕಲಾಗಿದೆಯೆ?
6) ಹಳೆಯ ವಾಹನವಾದಲ್ಲಿ, ವಾಹನ ಮತ್ತು ನೋಂದಣಿ ಪ್ರಮಾಣಪತ್ರದ ವಿವರಗಳು ಪರಸ್ಪರ ತಾಳೆಯಾಗುತ್ತವೆಯೆ? ವರ್ಗಾವಣೆಗಾಗಿ ನಮೂನೆ 29 ಮತ್ತು 30ಕ್ಕೆ ಮಾರಾಟಗಾರರ ಸಹಿ ಪಡೆಯಲಾಗಿದೆಯೆ?

ಮೇಲ್ಕಂಡ ಅಂಶಗಳಿಗೆ ಉತ್ತರ ದೊರೆತ ನಂತರ ಮುಂಗಡ ಪಾವತಿಸುವುದು ಸೂಕ್ತ.

ಸೂಚನೆ: ಈ ಮಾಹಿತಿಯನ್ನು ಸಾರ್ವಜನಿಕರ ಸಾಮಾನ್ಯ ತಿಳುವಳಿಕೆಗಾಗಿ ನೀಡಲಾಗಿದೆ. ತೆರಿಗೆ, ಶುಲ್ಕ ಮತ್ತು ನಿಯಮಗಳು ಕಾಲಕಾಲಕ್ಕೆ ತಿದ್ದುಪಡಿಯಾಗುವುದರಿಂದ ಅರ್ಜಿ ಸಲ್ಲಿಸುವ ಮುನ್ನ ಸಂಬಂಧಪಟ್ಟ ಪ್ರಾದೇಶಿಕ ಸಾರಿಗೆ ಕಛೇರಿ ಅಥವಾ ಸಹಾಯಕ ಪ್ರಾದೇಶಿಕ ಸಾರಿಗೆ ಕಛೇರಿಯಲ್ಲಿ ಖಚಿತಪಡಿಸಿಕೊಳ್ಳಲು ಕೋರಲಾಗಿದೆ.